ಹರಕೆಗಿಂತ ಮುಂಚಿನ ಪ್ರೀತಿ



ಬೆಟ್ಟದ ಕಚೇರಿಯ ಕಿಟಕಿಯಲ್ಲಿ ಜನ ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಎರಡೇ. ಒಂದು ಲೆಕ್ಕದ ಪ್ರಶ್ನೆ: “ಸ್ವಾಮಿ, ಮಗೀಗ ವಾಸಿ ಆಗ್ಬೇಕು ಅಂದ್ರ ಎಷ್ಟು ಪೂಜ ಬರಸ್ಬೇಕು? ಒಂಬತ್ತು ಸಾಕಾ?” ಇನ್ನೊಂದು ಭಯದ ಪ್ರಶ್ನೆ: “ಹರಕ ಹೊತ್ಕಂಡು ಮೂರು ವರ್ಷ ಆಯ್ತು, ತೀರ್ಸಕ ಆಗ್ನಿಲ್ಲ. ಅದ್ಕೇ ಬೋರ್ ನೀರು ನಿಂತೋಯ್ತಾ?” ಚಾಮರಾಜನಗರದ ಕಡೆಯವರಾಗಲಿ, ಗುಂಡ್ಲುಪೇಟೆಯಿಂದ ವ್ಯಾನ್ ಮಾಡಿಕೊಂಡು ಬಂದವರಾಗಲಿ, ಕೊಳ್ಳೇಗಾಲ, ಮಾರ್ಟಳ್ಳಿ ಕಡೆಯಿಂದ ಬಂದವರಾಗಲಿ, ಈ ಎರಡು ಮಾತು ತಪ್ಪುವುದಿಲ್ಲ. ನೋಡಿದರೆ ಎರಡೂ ಒಂದೇ ಪ್ರಶ್ನೆ. ದೇವರು ನಮಗೆ ಯಾರು? ಸಾಲ ಕೊಟ್ಟವರೋ, ಕೆಲಸಕ್ಕೆ ಇಟ್ಟುಕೊಂಡ ಧಣಿಯೋ, ಅಥವಾ ಹೆತ್ತ ತಂದೆಯೋ?

ಮೂರನೆಯದೇ ಸರಿ ಎಂದು ಎಲ್ಲರೂ ಬಾಯಲ್ಲಿ ಹೇಳುತ್ತೇವೆ. ಚಿಕ್ಕಂದಿನಲ್ಲಿ ಜ್ಞಾನೋಪದೇಶದ ತರಗತಿಯಲ್ಲಿ ಕಲಿತದ್ದೂ ಅದನ್ನೇ. ಆದರೆ ಕಷ್ಟ ಬಂದಾಗ ಮನಸ್ಸು ಮೊದಲ ಎರಡರ ಕಡೆಗೇ ಓಡುತ್ತದೆ. ಅದಕ್ಕಾಗಿ ಈ ಪಾಠ. ಬೆಟ್ಟದಿಂದ ಇಳಿಯುವ ಮುಂಚೆ ನೆರಳಲ್ಲಿ ಕುಳಿತು ನಿಧಾನವಾಗಿ ಓದಿರಿ. ಮನೆಯಲ್ಲಿ ಬೈಬಲ್ ಇದ್ದರೆ ಇಲ್ಲಿ ಹೇಳಿರುವ ಅಧ್ಯಾಯಗಳನ್ನು ತೆಗೆದು ನೋಡಿರಿ.

ಸಂತ ಯೊವಾನ್ನರು ತಮ್ಮ ಮೊದಲ ಪತ್ರದ 4ನೇ ಅಧ್ಯಾಯದಲ್ಲಿ ಈ ಸಂಗತಿಯನ್ನು ಬಹಳ ಬಿಡಿಸಿ ಬರೆದಿದ್ದಾರೆ. ಪ್ರೀತಿಯೇ ದೇವರ ಸ್ವಭಾವ, ಆ ಪ್ರೀತಿ ಶುರುವಾದದ್ದು ನಮ್ಮ ಕಡೆಯಿಂದಲ್ಲ, ಅವರ ಕಡೆಯಿಂದ, ಪ್ರೀತಿ ಪೂರ್ಣವಾಗಿರುವ ಕಡೆ ಭಯ ನಿಲ್ಲುವುದಿಲ್ಲ ಎಂಬುದು ಅವರ ಮಾತಿನ ಅರ್ಥ. ಇದನ್ನು ನಮ್ಮ ಬೆಟ್ಟದ ಭಾಷೆಯಲ್ಲಿ ಹೇಳಬೇಕೆಂದರೆ ಹೀಗೆ: ನೀವು ಹರಕೆ ಹೊತ್ತ ಮೇಲೆ ದೇವರು ನಿಮ್ಮ ಕಡೆ ತಿರುಗಿ ನೋಡಿದ್ದಲ್ಲ. ಅವರು ಮೊದಲೇ ನೋಡುತ್ತಿದ್ದರು, ಆದುದರಿಂದಲೇ ಹರಕೆ ಹೊರುವ ಬುದ್ಧಿಯೂ ನಿಮಗೆ ಬಂತು.

ಕೂಲಿ ಕೇಳಲು ಬಂದ ಮಗ

ಕಳೆದುಹೋದ ಮಗನ ಸಾಮತಿ ಯಾರಿಗೆ ಗೊತ್ತಿಲ್ಲ? ಸಂತ ಲೂಕರ ಶುಭಸಂದೇಶದ 15ನೇ ಅಧ್ಯಾಯ. ಕೇಳಿ ಕೇಳಿ ಸವೆದುಹೋದ ಕತೆ ಎನಿಸಬಹುದು. ಆದರೆ ಅದರಲ್ಲಿ ಒಂದು ಸಣ್ಣ ವಿಷಯ ಇದೆ, ಅದನ್ನು ಬಹಳ ಜನ ಗಮನಿಸುವುದಿಲ್ಲ.

ಕಿರಿಯ ಮಗ ಪಾಲು ತಗೊಂಡು ದೂರದೇಶಕ್ಕೆ ಹೋದ. ದುಡ್ಡು ಕರಗಿತು, ಬರ ಬಂತು, ಹಂದಿ ಮೇಯಿಸುವ ಕೆಲಸಕ್ಕೆ ನಿಂತ. ನಮ್ಮ ಕಡೆಯ ಹುಡುಗರು ಕೇರಳದ ಶುಂಠಿ ಹೊಲಕ್ಕೋ, ಕೊಡಗಿನ ಕಾಫಿ ತೋಟಕ್ಕೋ ಕೂಲಿಗೆ ಹೋಗಿ, ಹಬ್ಬಕ್ಕೂ ಬಾರದೆ, ಫೋನೂ ಮಾಡದೆ ಕಣ್ಮರೆಯಾಗುವುದುಂಟಲ್ಲ, ಅವರ ಹಾಗೆ ಅಂದುಕೊಳ್ಳಿ. ಹೊಟ್ಟೆ ಹಸಿದಾಗ ಅವನಿಗೆ ಅಪ್ಪನ ಮನೆ ನೆನಪಾಯಿತು. ದಾರಿಯಲ್ಲೇ ಮಾತು ಜೋಡಿಸಿಕೊಂಡ. ತಪ್ಪು ಮಾಡಿದೆ, ಮಗ ಅನ್ನಿಸಿಕೊಳ್ಳುವ ಯೋಗ್ಯತೆ ಇಲ್ಲ, ನಿಮ್ಮ ಆಳುಗಳ ಜೊತೆ ನನ್ನನ್ನೂ ಒಬ್ಬ ಆಳಾಗಿ ಇಟ್ಟುಕೊಳ್ಳಿ. ಇಷ್ಟು ಅವನ ಅರ್ಜಿ. ಕೊನೆಯ ಮಾತಿನಲ್ಲಿ ಒಂದು ಜಾಣತನವಿದೆ. ಆಳಾದರೆ ದುಡಿದು ತಿನ್ನಬಹುದು, ಯಾರ ಹಂಗೂ ಇಲ್ಲ. ಅಪ್ಪನ ಹತ್ತಿರ ಕೂಲಿಯ ಕರಾರು ಮಾಡಿಕೊಳ್ಳಲು ಅವನು ಹೊರಟಿದ್ದ.

ಈಗ 21ನೇ ವಚನ ತೆಗೆಯಿರಿ. ಅಪ್ಪ ಓಡಿ ಬಂದು ತಬ್ಬಿಕೊಂಡಿದ್ದಾರೆ. ಮಗ ಮಾತು ಶುರುಮಾಡಿದ. ತಪ್ಪಾಯಿತು ಎಂದ, ಯೋಗ್ಯತೆ ಇಲ್ಲ ಎಂದ. ಆಳಾಗಿ ಇಟ್ಟುಕೊಳ್ಳಿ ಎಂಬ ಮಾತು ಅಲ್ಲಿ ಇಲ್ಲ! ಅದು ಹೊರಬರುವ ಮುಂಚೆಯೇ ಅಪ್ಪ ಆಳುಗಳಿಗೆ ಕೂಗಿ ಅಂಗಿ, ಉಂಗುರ, ಕೆರ ತರಿಸುತ್ತಿದ್ದಾರೆ. ಪಶ್ಚಾತ್ತಾಪದ ಮಾತನ್ನು ಅಪ್ಪ ಕೇಳಿಸಿಕೊಂಡರು, ಕೂಲಿಯ ಮಾತಿಗೆ ಮಾತ್ರ ಎಡೆ ಕೊಡಲಿಲ್ಲ.

ಹಿರಿಯ ಮಗನದು ಇನ್ನೂ ಗಟ್ಟಿ ಕಾಯಿಲೆ. ಅವನು ಮನೆ ಬಿಟ್ಟು ಹೋದವನಲ್ಲ. ಭಾನುವಾರದ ಪೂಜೆ ತಪ್ಪಿಸದವರ ಹಾಗೆ, ನನ್ನಂಥ ಕಚೇರಿಯವರ ಹಾಗೆ, ಎಲ್ಲ ಸರಿಯಾಗಿ ಮಾಡಿದವನು. ಆದರೆ ಕೋಪ ಬಂದಾಗ ಅವನ ಬಾಯಿಂದ ಬಂದದ್ದೇನು? ಇಷ್ಟು ವರ್ಷ ಆಳಿನಂತೆ ಗೇಯ್ದೆ, ಒಂದು ಮೇಕೆಮರಿ ಕೊಡಲಿಲ್ಲ ಎಂದು. ಅವನೂ ಅಪ್ಪನನ್ನು ಧಣಿ ಅಂತಲೇ ತಿಳಿದಿದ್ದ. ಒಬ್ಬ ದೂರ ಹೋಗಿ ತಿಳಿಯಲಿಲ್ಲ, ಒಬ್ಬ ಮನೆಯೊಳಗೇ ಇದ್ದು ತಿಳಿಯಲಿಲ್ಲ. ಹಿರಿಯವನು ಕೊನೆಗೆ ಒಳಗೆ ಹೋದನೋ ಇಲ್ಲವೋ ಎಂದು ಯೇಸುಸ್ವಾಮಿ ಹೇಳದೆ ಬಿಟ್ಟಿದ್ದಾರೆ.

ಪೂಜೆ ಚೀಟಿಯ ವಿಚಾರ

ಹಾಗಾದರೆ ಕಾಣಿಕೆ ಯಾಕೆ, ಪೂಜೆ ಬರೆಸುವುದು ಯಾಕೆ, ಮುಡಿ ಯಾಕೆ ಎಂದು ಕೇಳಬಹುದು. ಸರಿಯಾದ ಪ್ರಶ್ನೆ. ಹರಕೆ ತಪ್ಪಲ್ಲ. ಪವಿತ್ರ ಗ್ರಂಥದಲ್ಲೇ ಹನ್ನಳು ಮಗುವಿಗಾಗಿ ಅತ್ತು ಹರಕೆ ಹೊತ್ತ ಕತೆ ಇದೆ, ಸಮುವೇಲನ ಮೊದಲ ಗ್ರಂಥ 1ನೇ ಅಧ್ಯಾಯ. ತಂದೆಗೆ ಮಗು ತನ್ನ ಕೈಯ ತಿಂಡಿಯನ್ನೇ ಮುರಿದು ಒಂದು ಚೂರು ಕೊಡುತ್ತದೆ, ತಂದೆಗೂ ಸಂತೋಷ. ಅದು ಬೆಲೆ ಅಲ್ಲ, ಪ್ರೀತಿ ಅಷ್ಟೇ. ಬೆಳ್ಳಿಯ ಕಣ್ಣು ತಂದು ಕೊಡುವ ಅಜ್ಜಿಯ ಭಕ್ತಿಯನ್ನು ಮೂಢನಂಬಿಕೆ ಎಂದು ನಗುವ ಓದಿದವರನ್ನು ಕಂಡಿದ್ದೇನೆ. ನನಗೆ ಅದು ಹಿಡಿಸುವುದಿಲ್ಲ. ಆದರೆ ಅದೇ ಅಜ್ಜಿಗೆ ಯಾರಾದರೂ ಇಷ್ಟು ಕೊಟ್ಟರೆ ಇಂಥದ್ದು ಆಗುತ್ತದೆ ಎಂದು ಹೇಳಿದರೆ, ಅದು ಅಜ್ಜಿಯ ಭಕ್ತಿಗೂ ಅವಮಾನ, ದೇವರಿಗೂ ಅವಮಾನ.

ಇದು ನನ್ನ ಸ್ವಂತ ಅಭಿಪ್ರಾಯವಲ್ಲ. 1983ರಲ್ಲಿ ಹೊರಬಂದ ಧರ್ಮಸಭೆಯ ಕಾನೂನು ಸಂಹಿತೆಯಲ್ಲಿ ಪೂಜೆಯ ಕಾಣಿಕೆಗೇ ಒಂದು ಅಧ್ಯಾಯ ಇದೆ. ಅದರ 945ನೇ ನಿಯಮದ ಪ್ರಕಾರ ಗುರುಗಳು ಭಕ್ತರ ಕೋರಿಕೆಗಾಗಿ, ಅದರಲ್ಲೂ ಬಡವರಿಗಾಗಿ, ಕಾಣಿಕೆ ಇಲ್ಲದಿದ್ದರೂ ಬಲಿಪೂಜೆ ಅರ್ಪಿಸಬೇಕೆಂದು ಬಲವಾಗಿ ಹೇಳಲಾಗಿದೆ. 947ನೇ ನಿಯಮ ಇನ್ನೂ ಕಟ್ಟುನಿಟ್ಟು. ಪೂಜೆಯ ಕಾಣಿಕೆಯಲ್ಲಿ ವ್ಯಾಪಾರ ಇರುವುದಂತಿರಲಿ, ವ್ಯಾಪಾರದ ಹಾಗೆ ಕಾಣುವುದೂ ಕೂಡದು. ಆದುದರಿಂದ ಯಾವ ಯಾತ್ರಾಸ್ಥಳದಲ್ಲೇ ಆಗಲಿ, ಕೈಯಲ್ಲಿ ದುಡ್ಡಿಲ್ಲ ಎಂದು ಚೀಟಿ ಬರೆಸದೆ ಹಿಂದೆ ಹೋಗಬೇಡಿ. ಕಿಟಕಿಯಲ್ಲಿ ಹೇಳಲು ಸಂಕೋಚವಾದರೆ ಗುರುಗಳನ್ನೇ ಕಂಡು ಹೇಳಿ.

ಹರಕೆ ಹೊತ್ತು ತೀರಿಸಲಾಗದವರಿಗೂ ಒಂದು ಮಾತು. ದೇವರು ಬಡ್ಡಿ ಲೆಕ್ಕ ಇಡುವುದಿಲ್ಲ. ಬೋರ್ ನೀರು ನಿಂತದ್ದಕ್ಕೆ ಕಾರಣ ಮಳೆ ಮತ್ತು ಅಂತರ್ಜಲ. ಗುಂಡ್ಲುಪೇಟೆ, ಚಾಮರಾಜನಗರ ಬಯಲಿನಲ್ಲಿ ಹರಕೆ ತೀರಿಸಿದವರ ಬೋರೂ ಬತ್ತಿದೆ. ಹೊತ್ತ ಹರಕೆ ಶಕ್ತಿ ಮೀರಿದ್ದಾದರೆ ಗುರುಗಳ ಹತ್ತಿರ ಹೇಳಿಕೊಂಡರೆ ಅದನ್ನು ಬೇರೊಂದು ಸತ್ಕಾರ್ಯಕ್ಕೆ ಬದಲಾಯಿಸಿಕೊಳ್ಳುವ ದಾರಿಯೂ ಧರ್ಮಸಭೆಯಲ್ಲಿ ಇದೆ. ಹರಕೆ ತೀರಿಸಲು ಕೈಸಾಲ ಮಾಡಿ, ಮಗಳ ಓಲೆ ಅಡವಿಟ್ಟು ಬರುವವರಿದ್ದಾರೆ. ದಯವಿಟ್ಟು ಬೇಡ.

ಕೇಳಿದ್ದು ಸಿಗದಿದ್ದಾಗ

ಇಲ್ಲಿ ಕಷ್ಟದ ಜಾಗಕ್ಕೆ ಬಂದೆವು. ಒಂಬತ್ತು ವಾರ ಬೆಟ್ಟ ಹತ್ತಿದರೂ ಮಗು ಉಳಿಯಲಿಲ್ಲ. ಅಂಥ ತಾಯಿ ಬಂದು “ನಂದೇನು ತಪ್ಪು?” ಎಂದು ಕೇಳಿದರೆ ಯಾವ ಪಾಠ ಹೇಳುವುದು?

ಹುಟ್ಟುಕುರುಡನನ್ನು ಕಂಡು ಶಿಷ್ಯರು ಇದೇ ಪ್ರಶ್ನೆ ಕೇಳಿದರು. ಪಾಪ ಯಾರದು, ಇವನದೋ, ತಂದೆತಾಯಿಯದೋ? ಯೊವಾನ್ನರ ಶುಭಸಂದೇಶ 9ನೇ ಅಧ್ಯಾಯ. ಯೇಸುಸ್ವಾಮಿ ಎರಡನ್ನೂ ತಳ್ಳಿಹಾಕಿದರು. ನಮ್ಮ ಊರುಗಳಲ್ಲಿ ಮಗು ಸತ್ತರೆ ಹೆತ್ತವಳ ಕಾಲ್ಗುಣ, ಮನೆತನದ ಶಾಪ, ಹಳೇ ಪಾಪ ಎಂದೆಲ್ಲ ಹೇಳುವವರು ಕ್ರೈಸ್ತರಲ್ಲೂ ಇದ್ದಾರೆ. ಹಾಗೆ ಹೇಳುವವರು ಯೇಸುಸ್ವಾಮಿಯ ಕಡೆ ನಿಂತಿಲ್ಲ, ಅಷ್ಟು ಮಾತ್ರ ಖಂಡಿತ.

ಇನ್ನೊಂದು. ಗೆತ್ಸೆಮನೆ ತೋಪಿನಲ್ಲಿ ಯೇಸುಸ್ವಾಮಿ ತಾವೇ ಬೇಡಿಕೊಂಡರು, ಈ ಕಷ್ಟದ ಪಾತ್ರೆ ತಪ್ಪಲಿ ಎಂದು. ಅದು ತಪ್ಪಲಿಲ್ಲ. ಸಂತ ಪೌಲರು ತಮ್ಮ ಮೈಯಲ್ಲಿ ಚುಚ್ಚುತ್ತಿದ್ದ ಮುಳ್ಳನ್ನು ತೆಗೆಯಿರಿ ಎಂದು ಮೂರು ಸಲ ಬೇಡಿದರು ಎಂದು ಕೊರಿಂಥಿಯರಿಗೆ ಬರೆದ ಎರಡನೇ ಪತ್ರದ 12ನೇ ಅಧ್ಯಾಯದಲ್ಲಿದೆ. ಮುಳ್ಳು ಹೋಗಲಿಲ್ಲ, ಕೃಪೆ ಸಿಕ್ಕಿತು. ಮಗನಿಗೆ ಸಿಗದ ಉತ್ತರ, ಅಪೊಸ್ತಲನಿಗೆ ಸಿಗದ ಉತ್ತರ ನಿಮಗೂ ಸಿಗದಿದ್ದರೆ ಅದು ದೇವರ ಕೋಪದ ಗುರುತಲ್ಲ. ಶಿಲುಬೆ ಹಾದಿಯ ಹದಿನಾಲ್ಕು ಸ್ಥಳಗಳನ್ನು ನಡೆದು ಬರುವಾಗ ಹನ್ನೆರಡನೆಯದರ ಮುಂದೆ ಸ್ವಲ್ಪ ಹೊತ್ತು ಹೆಚ್ಚು ನಿಲ್ಲಿ. ದೇವರ ಪ್ರೀತಿ ನಮ್ಮ ಸಂಕಟವನ್ನು ದೂರದಿಂದ ನೋಡಿ ಮರುಗಿದ್ದಲ್ಲ, ಒಳಗೇ ಬಂದು ಅನುಭವಿಸಿದ್ದು. ಆ ತಾಯಿಯ ಮುಂದೆ ಇದನ್ನೂ ವಿವರಿಸಿ ಹೇಳಬೇಕಿಲ್ಲ. ಪಕ್ಕದಲ್ಲಿ ಕೂತು ಒಂದು ಲೋಟ ನೀರು ಕೊಟ್ಟರೆ ಅಷ್ಟು ಹೊತ್ತಿಗೆ ಸಾಕು.

ಹಂಚುವುದು ಎಂದರೆ

ಪಡೆದ ಪ್ರೀತಿಯನ್ನು ಹಂಚಬೇಕು ಎಂದಾಗ ಕೆಲವರಿಗೆ ಥಟ್ಟನೆ ನೆನಪಾಗುವುದು ಕರಪತ್ರ ಮತ್ತು ಮೈಕ್. ಈ ವಿಷಯದಲ್ಲಿ ವಿಶ್ವಗುರು ಹದಿನಾರನೇ ಬೆನೆಡಿಕ್ಟರು ಸ್ಪಷ್ಟವಾಗಿ ಬರೆದಿದ್ದಾರೆ. 2005ರ ಕ್ರಿಸ್ಮಸ್ ದಿನಾಂಕದ ಅವರ ಮೊದಲ ವಿಶ್ವಪತ್ರ ದೇವರ ಪ್ರೀತಿಯ ಬಗ್ಗೆಯೇ. ಅದರ ಎರಡನೇ ಭಾಗದಲ್ಲಿ ಅವರು ಹೇಳುವುದೇನೆಂದರೆ, ಸೇವೆಯನ್ನು ಮತ ಬದಲಾಯಿಸುವ ಸಾಧನ ಮಾಡಿಕೊಳ್ಳಬಾರದು, ಪ್ರೀತಿಗೆ ಬೆಲೆ ಕಟ್ಟಿ ಇನ್ನೊಂದನ್ನು ಪಡೆಯಲು ಕೊಡುವುದಲ್ಲ, ದೇವರ ಬಗ್ಗೆ ಯಾವಾಗ ಮಾತಾಡಬೇಕು, ಯಾವಾಗ ಸುಮ್ಮನಿದ್ದು ಪ್ರೀತಿಗೇ ಮಾತಾಡಲು ಬಿಡಬೇಕು ಎಂಬುದು ಕ್ರೈಸ್ತನಿಗೆ ತಿಳಿದಿರಬೇಕು. ಅದಕ್ಕೂ ಮುಂಚೆ 1965ರಲ್ಲೇ ಎರಡನೇ ವ್ಯಾಟಿಕನ್ ಮಹಾಸಭೆ ವಿಶ್ವಾಸದ ವಿಷಯದಲ್ಲಿ ಯಾರನ್ನೂ ಬಲವಂತ ಮಾಡಕೂಡದು ಎಂದು ಸಾರಿದೆ. ದೇವರು ನಮ್ಮ ಜೊತೆ ವ್ಯಾಪಾರ ಮಾಡಲಿಲ್ಲ. ನಾವು ನೆರೆಯವನ ಜೊತೆ ಮಾಡುವುದು ಹೇಗೆ?

ನಮ್ಮ ಹಳೇ ಮೈಸೂರು ಸೀಮೆಯಲ್ಲೇ ಇದಕ್ಕೆ ಒಂದು ಉದಾಹರಣೆ ಇದೆ. ಬಹಳ ಜನಕ್ಕೆ ತಿಳಿಯದು, ಸ್ವಲ್ಪ ವಿವರವಾಗಿ ಹೇಳುತ್ತೇನೆ.

ಅವರ ಹೆಸರು ಆಬೆ ದುಬುವಾ. ಫ್ರಾನ್ಸ್ ದೇಶದವರು, ಪ್ಯಾರಿಸ್ಸಿನ ವಿದೇಶಿ ಮಿಷನ್ ಸಂಸ್ಥೆಯ ಗುರುಗಳು. 1792ರಲ್ಲಿ ಗುರುದೀಕ್ಷೆ ಪಡೆದು ಅದೇ ವರ್ಷ ಭಾರತಕ್ಕೆ ಹೊರಟರು. 1799ರಲ್ಲಿ ಶ್ರೀರಂಗಪಟ್ಟಣದ ಯುದ್ಧ ಮುಗಿದ ಮೇಲೆ ಚದುರಿಹೋಗಿದ್ದ ಕ್ರೈಸ್ತರನ್ನು ಮತ್ತೆ ಒಟ್ಟುಗೂಡಿಸಲು ಮೈಸೂರು ಸೀಮೆಗೆ ಬಂದರು. ಇಲ್ಲಿಯವರ ಹಾಗೆ ಉಟ್ಟು, ಇಲ್ಲಿಯವರ ಊಟ ಉಂಡು, ಇಲ್ಲಿಯವರ ಮಾತು ಕಲಿತು ಊರೂರು ತಿರುಗಿದರು. ಜನ ಅವರನ್ನು ದೊಡ್ಡಸ್ವಾಮಿಯವರು ಎಂದು ಕರೆದರು. ಶ್ರೀರಂಗಪಟ್ಟಣದ ಗಂಜಾಂನಲ್ಲಿ ಅವರ ಹೆಸರಿನಿಂದಲೇ ಕರೆಯುವ ದೇವಾಲಯ ಇಂದಿಗೂ ಇದೆ.

ಆ ಕಾಲದಲ್ಲಿ ಸಿಡುಬು ಅಂದರೆ ಊರಿಗೆ ಊರೇ ನಡುಗುತ್ತಿತ್ತು. ಮೈಲಿಬೇನೆ, ಅಮ್ಮ ಎಂದೆಲ್ಲ ಕರೆಯುತ್ತಿದ್ದರು. ಬಂದರೆ ಸಾವು, ಉಳಿದರೆ ಮುಖದ ತುಂಬ ಕುಳಿ, ಕೆಲವರಿಗೆ ಕಣ್ಣೂ ಹೋಗುತ್ತಿತ್ತು. 1796ರಲ್ಲಿ ಇಂಗ್ಲೆಂಡಿನ ವೈದ್ಯ ಜೆನ್ನರ್, ಹಸುವಿನ ಸಿಡುಬಿನ ರಸವನ್ನು ಮನುಷ್ಯರಿಗೆ ಹಾಕಿದರೆ ದೊಡ್ಡ ಸಿಡುಬು ಬರುವುದಿಲ್ಲ ಎಂದು ತೋರಿಸಿಕೊಟ್ಟ. ಆ ರಸವನ್ನು ಭಾರತಕ್ಕೆ ತರುವುದು ಹೇಗೆ? ಆಗ ಐಸ್ ಪೆಟ್ಟಿಗೆ ಇಲ್ಲ, ಹಡಗಿನ ಬಿಸಿಲಿಗೆ ರಸ ಕೆಟ್ಟುಹೋಗುತ್ತದೆ. ಉಳಿದ ದಾರಿ ಒಂದೇ. ಒಂದು ಮಗುವಿನ ತೋಳಿಗೆ ಹಾಕುವುದು, ಸುಮಾರು ಎಂಟನೇ ದಿನ ಅಲ್ಲಿ ಎದ್ದ ಗುಳ್ಳೆಯ ರಸವನ್ನು ತೆಗೆದು ಇನ್ನೊಂದು ಮಗುವಿನ ತೋಳಿಗೆ ಹಾಕುವುದು, ಅದರಿಂದ ಮತ್ತೊಂದಕ್ಕೆ. ಹೀಗೆ ತೋಳಿಂದ ತೋಳಿಗೆ ದಾಟುತ್ತಾ ಬಾಗ್ದಾದ್, ಬಸ್ರಾ ದಾರಿಯಾಗಿ ಅದು ಮುಂಬೈಗೆ ಬಂತು. 1802ರ ಜೂನ್ 14ರಂದು ಅಲ್ಲಿ ಆನಾ ಡಸ್ಟಾಲ್ ಎಂಬ ಮೂರು ವರ್ಷದ ಹುಡುಗಿಗೆ ಹಾಕಿದರು. ಭಾರತದಲ್ಲಿ ಮೊದಲು ಅದನ್ನು ಪಡೆದವಳು ಅವಳೇ. ಆ ಮಗುವಿನ ತೋಳಿನಿಂದ ಮುಂದೆ ದಕ್ಷಿಣದವರೆಗೂ ಸರಪಳಿ ಬೆಳೆಯಿತು.

ಈ ಸರಪಳಿಯ ಗುಣ ಗಮನಿಸಿ. ಪಡೆದವನು ತನ್ನಷ್ಟಕ್ಕೆ ಇಟ್ಟುಕೊಂಡರೆ ಹತ್ತು ದಿನದಲ್ಲಿ ಮುಗಿಯಿತು, ಮುಂದಿನ ಊರಿಗೆ ಇಲ್ಲ. ಜೊತೆಗೆ ಕೊಟ್ಟವನಿಗೆ ಅದು ಕಮ್ಮಿಯೂ ಆಗುವುದಿಲ್ಲ, ಅವನ ರಕ್ಷಣೆ ಅವನಲ್ಲೇ ಇರುತ್ತದೆ.

ಆದರೆ ಜನ ಒಪ್ಪಬೇಕಲ್ಲ. ಪರದೇಶಿ ಸರ್ಕಾರದವರು ಹಸುವಿನ ಕೀವು ತಂದು ಮಗುವಿನ ತೋಳು ಚುಚ್ಚುತ್ತೇವೆ ಎಂದರೆ ಯಾರು ಮಗುವನ್ನು ಮುಂದೆ ಒಡ್ಡುತ್ತಾರೆ? ಹತ್ತಿರ ಇದ್ದು, ಒಟ್ಟಿಗೆ ಉಂಡು, ನಂಬಿಕೆ ಗಳಿಸಿದವರು ಹೇಳಿದರೆ ಮಾತ್ರ. ದೊಡ್ಡಸ್ವಾಮಿಯವರು ಆ ಕೆಲಸಕ್ಕೆ ಕೈ ಹಾಕಿದರು. 1803 ಮತ್ತು 1804ರಲ್ಲಿ ಅವರ ಮೂಲಕ 25,432 ಜನರಿಗೆ ದಾಕು ಹಾಕಲಾಯಿತು ಎಂದು ದಾಖಲೆ ಇದೆ. ಎರಡು ವರ್ಷದಲ್ಲಿ, ಕಾಲ್ನಡಿಗೆ ಮತ್ತು ಎತ್ತಿನ ಗಾಡಿಯ ಕಾಲದಲ್ಲಿ! ಮೈಸೂರು ಅರಮನೆಯೂ ಇದಕ್ಕೆ ಬೆಂಬಲ ಕೊಟ್ಟಿತ್ತು. 1805ರ ಸುಮಾರಿಗೆ ಥಾಮಸ್ ಹಿಕ್ಕಿ ಎಂಬ ಚಿತ್ರಕಾರ ಬರೆದ ಮೈಸೂರಿನ ರಾಜಸ್ತ್ರೀಯರ ಚಿತ್ರದಲ್ಲಿ ಒಬ್ಬ ರಾಣಿ ಸೆರಗು ಸರಿಸಿ ತೋಳು ತೋರಿಸುತ್ತಿರುವುದು ದಾಕು ಹಾಕಿದ ಜಾಗವನ್ನೇ ಎಂದು ಚರಿತ್ರೆಕಾರರು ಗುರುತಿಸಿದ್ದಾರೆ.

ಇನ್ನು ಈ ಕತೆಯ ಇನ್ನೊಂದು ಮುಖವನ್ನೂ ಹೇಳಬೇಕು. ದುಬುವಾ ಅವರು ಬರೆದ ಪುಸ್ತಕ ಬಹಳ ಪ್ರಸಿದ್ಧ, ಈಸ್ಟ್ ಇಂಡಿಯಾ ಕಂಪನಿಯೇ ಅದನ್ನು ಕೊಂಡು 1816ರಲ್ಲಿ ಇಂಗ್ಲಿಷಿನಲ್ಲಿ ಪ್ರಕಟಿಸಿತು. ಅದರಲ್ಲಿ ನಮ್ಮ ಜನರ ಆಚಾರ ವಿಚಾರಗಳ ಬಗ್ಗೆ ಕಟುವಾದ ಮಾತುಗಳಿವೆ, ಪ್ರೀತಿಯ ಕಣ್ಣಿಂದ ನೋಡಿದವರು ಬರೆಯುವಂಥ ಮಾತಲ್ಲ ಅವು. ಸಂತರೆಂದು ಧರ್ಮಸಭೆ ಅವರನ್ನು ಘೋಷಿಸಿಲ್ಲ, ನಾನೂ ಹೇಳುತ್ತಿಲ್ಲ. 1823ರಲ್ಲಿ ಅವರು ಫ್ರಾನ್ಸಿಗೆ ಹಿಂದಿರುಗಿದರು. ಅದೇ ವರ್ಷ ಅಚ್ಚಾದ ಅವರ ಪತ್ರಗಳಲ್ಲಿ ಮೂವತ್ತು ವರ್ಷದ ದುಡಿಮೆಯ ಬಗ್ಗೆ ನಿರಾಶೆಯೇ ತುಂಬಿದೆ. ಇಲ್ಲಿನ ಜನ ಕ್ರೈಸ್ತರಾಗುವ ಆಸೆ ಇಲ್ಲ, ನಮ್ಮ ಕೆಲಸ ಫಲಿಸಲಿಲ್ಲ ಎಂಬ ಅರ್ಥದಲ್ಲಿ ಬರೆದರು. 1848ರಲ್ಲಿ ತೀರಿಕೊಂಡರು.

ನಾನು ರಿಜಿಸ್ಟರ್ ಬರೆಯುವವನು, ಅದೇ ಲೆಕ್ಕದಲ್ಲಿ ಹೇಳುತ್ತೇನೆ. ಅವರು ತಮ್ಮ ಬದುಕಿನ ಕೂಡಿ ಕಳೆದ ಲೆಕ್ಕ ಮಾಡಿದಾಗ ನೋಡಿದ್ದು ದೀಕ್ಷಾಸ್ನಾನದ ರಿಜಿಸ್ಟರನ್ನು. ಅದರಲ್ಲಿ ಹೆಸರು ಕಮ್ಮಿ ಇತ್ತು. ದಾಕು ಹಾಕಿಸಿಕೊಂಡ ಸಾವಿರಾರು ಮಕ್ಕಳ ಹೆಸರು ಆ ರಿಜಿಸ್ಟರಿನಲ್ಲಿ ಇರಲಿಲ್ಲ. ಅವರು ಬೆಳೆದು, ಮದುವೆಯಾಗಿ, ಮಕ್ಕಳು ಮರಿ ಕಂಡು, ತಮ್ಮ ತಮ್ಮ ಮನೆದೇವರಿಗೆ ಕೈಮುಗಿದು ಬಾಳಿದರು. ಬಹುಪಾಲು ಜನರಿಗೆ ಯೇಸುಸ್ವಾಮಿಯ ಹೆಸರೂ ತಿಳಿದಿರಲಾರದು. ತೀರ್ಪಿನ ದಿನದ ಬಗ್ಗೆ ಸಂತ ಮತ್ತಾಯರ 25ನೇ ಅಧ್ಯಾಯ ಓದಿದರೆ, ಅಲ್ಲಿ ಕೇಳುವ ಪ್ರಶ್ನೆಗಳು ಅನ್ನ, ನೀರು, ಬಟ್ಟೆ, ಕಾಯಿಲೆ, ಸೆರೆಮನೆ ಇವುಗಳ ಮೇಲೆ. ದೊಡ್ಡಸ್ವಾಮಿಯವರು ಫಲಿಸಲಿಲ್ಲ ಎಂದದ್ದನ್ನು ದೇವರು ಫಲಿಸಲಿಲ್ಲ ಎಂದು ಬರೆದುಕೊಂಡಿರುತ್ತಾರೆಯೇ? ನನಗೆ ಹಾಗನ್ನಿಸುವುದಿಲ್ಲ.

ನಮ್ಮ ದೇಶದಲ್ಲಿ ಸಿಡುಬು 1975ರಲ್ಲಿ ಕೊನೆಗೊಂಡಿತು, 1977ರಲ್ಲಿ ಅದು ಅಧಿಕೃತವಾಯಿತು. 1980ರಲ್ಲಿ ಇಡೀ ಲೋಕದಿಂದಲೇ ಹೋಯಿತೆಂದು ವಿಶ್ವ ಆರೋಗ್ಯ ಸಂಸ್ಥೆ ಸಾರಿತು. ನಿಮ್ಮಲ್ಲಿ ಐವತ್ತು ದಾಟಿದವರು ತೋಳು ನೋಡಿಕೊಳ್ಳಿ, ದುಂಡಗಿನ ಮಚ್ಚೆ ಇರುತ್ತದೆ. ಮಕ್ಕಳು ಕೇಳಿದರೆ ಈ ಕತೆ ಹೇಳಿ.

ಕಾಮಗೆರೆಯ ದಾರಿ

ಹತ್ತಿರದ ಸಂಗತಿ ಬೇಕೆಂದರೆ ನಮ್ಮ ಜಿಲ್ಲೆಯಲ್ಲೇ ಇದೆ. ಕೊಳ್ಳೇಗಾಲದಿಂದ ಹನೂರಿಗೆ, ಮಲೆ ಮಹದೇಶ್ವರ ಬೆಟ್ಟಕ್ಕೆ ಹೋಗುವ ರಸ್ತೆಯಲ್ಲಿ ಕಾಮಗೆರೆ ಸಿಗುತ್ತದೆ. ಅಲ್ಲಿ ಸಿಸ್ಟರ್‌ಗಳು ನಡೆಸುವ ಹೋಲಿ ಕ್ರಾಸ್ ಆಸ್ಪತ್ರೆ ಇದೆ. ಸುತ್ತಲಿನ ಹಳ್ಳಿಗಳ, ಕಾಡಂಚಿನ ಪೋಡುಗಳ ಜನ ಜಾತಿ ಮತ ನೋಡದೆ ಹೋಗುವ ಜಾಗ ಅದು.

2018ರ ಡಿಸೆಂಬರ್ 14. ಹನೂರು ಕಡೆಯ ಸುಳ್ವಾಡಿ ಕಿಚ್‌ಗುತ್ತಿ ಮಾರಮ್ಮನ ದೇವಸ್ಥಾನದಲ್ಲಿ ವಿಷ ಬೆರೆತಿದ್ದ ಪ್ರಸಾದ ತಿಂದು ನೂರಕ್ಕೂ ಹೆಚ್ಚು ಜನ ಅಸ್ವಸ್ಥರಾದರು. 17 ಮಂದಿ ತೀರಿಹೋದರು. ಆ ದಿನ ಸಿಕ್ಕ ಸಿಕ್ಕ ಗಾಡಿಯಲ್ಲಿ ರೋಗಿಗಳನ್ನು ಕಾಮಗೆರೆಗೆ, ಕೊಳ್ಳೇಗಾಲಕ್ಕೆ, ಅಲ್ಲಿಂದ ಮೈಸೂರಿನ ಆಸ್ಪತ್ರೆಗಳಿಗೆ ಸಾಗಿಸಿದರು. ದೇವರ ಹೆಸರಿನಲ್ಲಿ ಕೈಗೆ ಕೊಟ್ಟ ಅನ್ನವೇ ವಿಷವಾದ ದಿನ ಅದು. ಭಕ್ತರ ನಂಬಿಕೆಗೆ ಅದಕ್ಕಿಂತ ದೊಡ್ಡ ಪೆಟ್ಟು ಬೇರೆ ಬೇಕೇ? ಆ ಹೊತ್ತಿನಲ್ಲಿ ಡ್ರಿಪ್ ಹಿಡಿದು ಓಡಾಡಿದವರು, ಗಾಡಿ ಓಡಿಸಿದವರು, ವಾಂತಿ ಒರೆಸಿದವರು ಯಾವ ಧರ್ಮದವರು ಎಂದು ಯಾರೂ ಕೇಳಲಿಲ್ಲ. ಕೇಳುವ ಹೊತ್ತೂ ಅದಲ್ಲ.

ಸಂತ ಲೂಕರ 10ನೇ ಅಧ್ಯಾಯದ ಸಮಾರಿಯದವನೂ ಹೀಗೆಯೇ. ದಾರಿಯಲ್ಲಿ ಬಿದ್ದಿದ್ದವನ ಗಾಯ ಕಟ್ಟಿ, ತನ್ನ ಪ್ರಾಣಿಯ ಮೇಲೆ ಕೂರಿಸಿ, ಛತ್ರಕ್ಕೆ ಕರೆತಂದು, ಛತ್ರದವನ ಕೈಗೆ ಎರಡು ನಾಣ್ಯ ಕೊಟ್ಟು, ಹೆಚ್ಚು ಖರ್ಚಾದರೆ ಹಿಂದಿರುಗುವಾಗ ಕೊಡುತ್ತೇನೆ ಎಂದ. ಇಡೀ ಕತೆಯಲ್ಲಿ ಅವನು ಗಾಯಗೊಂಡವನಿಗೆ ಒಂದು ಉಪದೇಶ ಮಾಡಿಲ್ಲ, ಹೆಸರೂ ಹೇಳಿಲ್ಲ. ಧರ್ಮಶಾಸ್ತ್ರಿ ಕೇಳಿದ್ದು ನನ್ನ ನೆರೆಯವನು ಯಾರು ಎಂದು. ಯೇಸುಸ್ವಾಮಿ ತಿರುಗಿ ಕೇಳಿದ್ದು ಇವರಲ್ಲಿ ನೆರೆಯವನಾಗಿ ನಡೆದುಕೊಂಡವನು ಯಾರು ಎಂದು. ಪಟ್ಟಿ ಹಿಡಿದು ಹುಡುಕುವುದಲ್ಲ, ನಾವೇ ಆಗಬೇಕಾದದ್ದು.

ಇಳಿದು ಹೋಗುವಾಗ

ದೊಡ್ಡ ಆಸ್ಪತ್ರೆ ಕಟ್ಟುವುದು ಎಲ್ಲರಿಂದ ಆಗದು. ಮನೆಯಿಂದ ಶುರುಮಾಡಿ. ಬೆಟ್ಟಕ್ಕೆ ಒಟ್ಟಿಗೆ ಬಂದು, ಅದೇ ವ್ಯಾನಿನಲ್ಲಿ ಅಣ್ಣತಮ್ಮಂದಿರು ಜಮೀನಿನ ತಕರಾರಿಗೆ ಮುಖ ತಿರುಗಿಸಿ ಕೂತಿರುವುದನ್ನು ನೋಡುತ್ತೇನೆ. ಬಲಿಪೀಠಕ್ಕೆ ಕಾಣಿಕೆ ತಂದವನಿಗೆ ಸಹೋದರನ ನೆನಪಾದರೆ ಮೊದಲು ಅಲ್ಲಿಗೆ ಹೋಗು ಎಂದಿದ್ದಾರೆ ಯೇಸುಸ್ವಾಮಿ, ಮತ್ತಾಯ 5ನೇ ಅಧ್ಯಾಯ. ಆ ಕಾಣಿಕೆಯನ್ನು ಅಲ್ಲೇ ಬಿಟ್ಟು ಹೋದರೂ ಪರವಾಗಿಲ್ಲ, ನಾವು ಕಾದಿರುತ್ತೇವೆ.

ಹಾಗೇ ನಿಮ್ಮ ಬೀದಿಯಲ್ಲಿ ಬೇರೆ ಬೆಟ್ಟಕ್ಕೆ ಹೋಗುವವರು ಇರುತ್ತಾರೆ. ಮಾದಪ್ಪನ ಬೆಟ್ಟಕ್ಕೆ ಕಾಲ್ನಡಿಗೆಯಲ್ಲಿ ಹೋಗುವ ಪರಿಷೆಗೆ ದಾರಿಯುದ್ದಕ್ಕೂ ನೀರು ಮಜ್ಜಿಗೆ ಕೊಡುವ ಪದ್ಧತಿ ನಮ್ಮ ಸೀಮೆಯಲ್ಲಿದೆ. ಹಿಮವದ್ ಗೋಪಾಲಸ್ವಾಮಿ ಬೆಟ್ಟಕ್ಕೆ, ಬಿಳಿಗಿರಿರಂಗನ ಬೆಟ್ಟಕ್ಕೆ ಹೋಗುವವರೂ ನಮ್ಮ ಅಕ್ಕಪಕ್ಕದವರೇ. ಅವರ ದೇವರನ್ನು ಹೀಯಾಳಿಸಿ ನಮ್ಮ ದೇವರ ಪ್ರೀತಿಯನ್ನು ತೋರಿಸುತ್ತೇನೆ ಎನ್ನುವವರು ಯಾವ ಪ್ರೀತಿಯನ್ನು ತೋರಿಸುತ್ತಾರೋ ತಿಳಿಯದು. ಅವರೇ ಕೇಳಿದರೆ ನಿಮ್ಮ ವಿಶ್ವಾಸವನ್ನು ಮುಚ್ಚಿಡಬೇಡಿ, ನಾಚಿಕೊಳ್ಳಬೇಡಿ, ನಿಮ್ಮ ಮಾತಿನಲ್ಲೇ ಹೇಳಿ. ಸಂತ ಪೇತ್ರರೂ ಅದನ್ನೇ ಹೇಳಿದ್ದಾರೆ, ಉತ್ತರಿಸಲು ಸಿದ್ಧರಾಗಿರಿ, ಆದರೆ ವಿನಯದಿಂದ, ಮೊದಲ ಪತ್ರ 3ನೇ ಅಧ್ಯಾಯ.

ಕೊನೆಯದಾಗಿ ಒಂದು ಕೆಲಸ. ಬೆಟ್ಟ ಹತ್ತಲು ಆಗದೆ ಮನೆಯಲ್ಲೇ ಮಲಗಿರುವವರು ಪ್ರತಿ ಊರಿನಲ್ಲಿ ಒಬ್ಬರಾದರೂ ಇರುತ್ತಾರೆ. ಪಾರ್ಶ್ವವಾಯು ಬಡಿದ ಅಜ್ಜ, ಕಿಡ್ನಿ ಕಾಯಿಲೆಯ ಹುಡುಗ, ಮಕ್ಕಳು ದೂರದ ಊರು ಸೇರಿ ಒಂಟಿಯಾದ ಅಜ್ಜಿ. ಊರು ಮುಟ್ಟಿದ ಮಾರನೇ ದಿನ ಅವರ ಮನೆಗೆ ಹೋಗಿ. ಮಂತ್ರಿಸಿದ ಎಣ್ಣೆ ತೆಗೆದುಕೊಂಡಿದ್ದರೆ ಅರ್ಧ ಅವರಿಗೆ ಕೊಡಿ. ಅರ್ಧ ಗಂಟೆ ಕೂತು ಅವರ ಮಾತು ಕೇಳಿ, ಅವರು ಹೇಳಿದ್ದನ್ನೇ ಮತ್ತೆ ಹೇಳಿದರೂ ಕೇಳಿ. ಅವರು ಕ್ರೈಸ್ತರಾಗಿದ್ದು ಪರಮಪ್ರಸಾದ ಸಿಗದೆ ಬಹಳ ದಿನವಾಗಿದ್ದರೆ ನಿಮ್ಮ ಧರ್ಮಕೇಂದ್ರದ ಗುರುಗಳಿಗೆ ತಿಳಿಸಿ, ಮನೆಗೇ ತಂದು ಕೊಡುತ್ತಾರೆ. ಬೇರೆಯವರಾಗಿದ್ದರೆ ಅವರಿಗೆ ಬೇಕಾದ ಮಾತ್ರೆ ತೀರಿದೆಯೇ, ಪಿಂಚಣಿ ಬಂದಿದೆಯೇ, ನೀರು ತಂದು ಕೊಡುವವರು ಇದ್ದಾರೆಯೇ ಎಂದು ಕೇಳಿ ನೋಡಿ. ಹೋಗುವಾಗ ಒಬ್ಬರೇ ಹೋಗಬೇಡಿ, ಮನೆಯ ಮಕ್ಕಳನ್ನೂ ಕರೆದುಕೊಂಡು ಹೋಗಿ.